ಅಳೆಯೋಕೆ ಒಂದು ಕಿಂಡಿ, ನೋಡೋಕೆ ಇನ್ನೊಂದು

ಹಳೇ ಲೈಕಾ ಕ್ಯಾಮೆರಾ ಸಿಕ್ಕಿದರೆ ಅದನ್ನು ಹಿಂದುಗಡೆಯಿಂದ ನೋಡಿ. ಮೇಲ್ಭಾಗದಲ್ಲಿ ಎರಡು ಪುಟ್ಟ ಕಿಂಡಿಗಳಿರುತ್ತವೆ. ಎಡಗಡೆಯದು ದೂರ ಅಳೆಯೋಕೆ, ಬಲಗಡೆಯದು ಫ್ರೇಮ್ ನೋಡೋಕೆ. ಎಡಗಡೆ ಕಣ್ಣಿಟ್ಟಾಗ ಚಿತ್ರ ಎಲ್ಲಿಂದ ಎಲ್ಲಿಯವರೆಗೆ ಬರುತ್ತದೆ ಅಂತ ತಿಳಿಯುವುದಿಲ್ಲ. ಬಲಗಡೆ ಕಣ್ಣಿಟ್ಟಾಗ ಫೋಕಸ್ ಸರಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ನನ್ನ ಲೈಕಾ ತ್ರೀ ಎಫ್ (IIIf) ಮಾದರಿ ನೋಡಿದವರೆಲ್ಲ ಕೇಳುವುದು ಒಂದೇ: ಒಂದು ಫೋಟೋಗೆ ಎರಡೆರಡು ಸಲ ಕಣ್ಣು ಸರಿಸಬೇಕಾ?

ಹೌದು, ಸರಿಸಬೇಕು. ಎಷ್ಟೋ ಸಲ ನಾನು ಆ ಬಲಗಡೆ ಕಿಂಡಿಯನ್ನೂ ಬಿಟ್ಟು, ಕ್ಯಾಮೆರಾದ ತಲೆಮೇಲೆ ಫ್ರೇಮ್ ನೋಡುವ ಇನ್ನೊಂದು ಬೇರೆ ಕಿಂಡಿ, ಅಂದರೆ ವ್ಯೂಫೈಂಡರ್, ಸಿಕ್ಕಿಸಿಕೊಳ್ಳುತ್ತೇನೆ. ಇದನ್ನು ಹಳೇ ವಸ್ತುವಿನ ವ್ಯಾಮೋಹ ಅಂತ ಅಂದುಕೊಳ್ಳಬೇಡಿ. ದೂರ ಅಳೆಯುವುದು ಬೇರೆ ಕೆಲಸ, ಚಿತ್ರ ನೋಡುವುದು ಬೇರೆ ಕೆಲಸ. ಬೇರೆಬೇರೆಯಾಗಿ ಇಟ್ಟಾಗ ಎರಡೂ ಚೆನ್ನಾಗಿ ಆಗುತ್ತವೆ ಅನ್ನುವುದು ನನ್ನ ನಂಬಿಕೆ. ಅದಕ್ಕೆ ಕಾರಣ ಬರೆಯೋಣ ಅಂತ ಕೂತಿದ್ದೇನೆ.

1925ರಲ್ಲಿ ಲೈಪ್ಜಿಗ್ ಮೇಳದಲ್ಲಿ ಮೊದಲ ಲೈಕಾ ಜನರ ಮುಂದೆ ಬಂದಾಗ ಅದರಲ್ಲಿ ದೂರ ಅಳೆಯುವ ವ್ಯವಸ್ಥೆಯೇ ಇರಲಿಲ್ಲ. ಕಣ್ಣಂದಾಜಿನಲ್ಲಿ ಇಷ್ಟು ಮೀಟರ್ ಅಂತ ಲೆನ್ಸ್ ತಿರುಗಿಸಬೇಕಿತ್ತು. ಇಲ್ಲವೇ ದೂರ ಅಳೆಯುವ ರೇಂಜ್‌ಫೈಂಡರನ್ನು ಬೇರೆಯಾಗಿ ಕೊಂಡು ಕ್ಯಾಮೆರಾ ಮೇಲಿನ ಶೂ ಅನ್ನುವ ಲೋಹದ ಕೊಂಡಿಯಲ್ಲಿ ಸಿಕ್ಕಿಸಿ, ದೂರ ಅಳೆದು, ಬಂದ ಅಂಕಿಯನ್ನು ಕೈಯಾರೆ ಲೆನ್ಸಿಗೆ ದಾಟಿಸಬೇಕಿತ್ತು. 1932ರ ಲೈಕಾ ಟೂ ಇವೆರಡನ್ನೂ ಜೋಡಿಸಿತು. ಲೆನ್ಸ್ ತಿರುಗಿಸಿದರೆ ಅದರ ಹಿಂಭಾಗ ಕ್ಯಾಮೆರಾ ಒಳಗಿನ ಒಂದು ಪುಟ್ಟ ತೋಳನ್ನು ತಳ್ಳುತ್ತದೆ, ಆ ತೋಳು ಒಳಗಿನ ಕನ್ನಡಿ-ಪಟ್ಟಕವನ್ನು ಹೊರಳಿಸುತ್ತದೆ. ಅದೇ ವರ್ಷ ಜೈಸ್ ಇಕಾನ್ ಕಂಪನಿಯ ಕಾಂಟ್ಯಾಕ್ಸ್ ಕೂಡ ಬಂತು. 1936ರ ಕಾಂಟ್ಯಾಕ್ಸ್ ಟೂನಲ್ಲಿ ಅಳೆಯುವುದೂ ನೋಡುವುದೂ ಒಂದೇ ಕಿಂಡಿಗೆ ಬಂದವು. ಲೈಕಾ ಮಾತ್ರ 1954ರ ಎಂ3 ಬರುವ ತನಕ ಎರಡು ಕಿಂಡಿಯಲ್ಲೇ ಉಳಿಯಿತು. ಎಂ3 ಬಂದು ಮೂರು ವರ್ಷದ ಮೇಲೂ, 1957ರಲ್ಲಿ, ಎರಡು ಕಿಂಡಿಯ ತ್ರೀ ಜಿ ಬಂತು.

ಅಳೆಯುವ ವಿದ್ಯೆ ಏನು ಅಂತ ಮೊದಲು ನೋಡೋಣ. ಕ್ಯಾಮೆರಾದ ಮುಂಭಾಗದಲ್ಲಿ ರೇಂಜ್‌ಫೈಂಡರ್‌ಗೆ ಎರಡು ಕಣ್ಣುಗಳಿವೆ. ಒಂದೇ ವಸ್ತುವನ್ನು ಎರಡು ಜಾಗದಿಂದ ನೋಡಿ, ಆ ಎರಡು ನೋಟಗಳ ನಡುವಿನ ಕೋನದಿಂದ ದೂರ ಹೇಳುವುದು ಅದರ ಕೆಲಸ. ಸರ್ವೆಯವರ ತ್ರಿಕೋನದ ಲೆಕ್ಕವೂ ಇದೇ. ಬೆಂಗಳೂರಿನ ಮೇಖ್ರಿ ಸರ್ಕಲ್ ಹತ್ತಿರ ಒಂದು ಹಳೇ ಪುಟ್ಟ ಗೋಪುರ ಇದೆಯಲ್ಲ, 1868ರಲ್ಲಿ ಮಹಾ ತ್ರಿಕೋನಮಿತಿ ಸರ್ವೆಯವರು ಇಲ್ಲಿ ಅಳೆದ ತಳರೇಖೆಯ ಒಂದು ತುದಿ ಅದು. ಇನ್ನೊಂದು ತುದಿ ಈಶಾನ್ಯಕ್ಕೆ ಹಲವು ಮೈಲಿ ಆಚೆ, ಕಣ್ಣೂರು ಅನ್ನುವ ಊರಿನ ಹತ್ತಿರ (ಕೇರಳದ ಕಣ್ಣೂರಲ್ಲ). ನೋಡುವ ಎರಡು ಜಾಗಗಳ ನಡುವಿನ ಅಂತರವೇ ತಳರೇಖೆ; ಅದು ಉದ್ದ ಇದ್ದಷ್ಟೂ ದೂರದ ಲೆಕ್ಕ ಗಟ್ಟಿ. ಜಪಾನಿನ ಯಮಾಟೊ ಯುದ್ಧನೌಕೆಯ ರೇಂಜ್‌ಫೈಂಡರ್ 15 ಮೀಟರ್ ಅಗಲ ಇತ್ತು. ನನ್ನ ಲೈಕಾದಲ್ಲಿ ಆ ರೇಖೆ ಸುಮಾರು 38 ಮಿಲಿಮೀಟರ್.

ಇಷ್ಟು ಚಿಕ್ಕ ರೇಖೆಯಲ್ಲಿ ಏನು ಅಳೆಯೋಕೆ ಸಾಧ್ಯ ಅನ್ನಿಸಬಹುದು. ಇಲ್ಲೇ ಎರಡು ಕಿಂಡಿಯ ಲಾಭ ಕಾಣುವುದು. ಎಡಗಡೆ ಕಿಂಡಿ ಫ್ರೇಮ್ ತೋರಿಸಬೇಕಾಗಿಲ್ಲ. ಹಾಗಾಗಿ ಅದನ್ನು ದುರ್ಬೀನಿನ ಥರ ಒಂದೂವರೆ ಪಟ್ಟು ದೊಡ್ಡದು ಮಾಡಿ ತೋರಿಸೋಕೆ ಏನೂ ಅಡ್ಡಿಯಿಲ್ಲ. 38ನ್ನು ಒಂದೂವರೆಯಿಂದ ಗುಣಿಸಿದರೆ 57. ಅಂದರೆ 57 ಮಿಲಿಮೀಟರ್ ತಳರೇಖೆಯಷ್ಟು ನಿಖರತೆ ಸಿಗುತ್ತದೆ. ಎಂ3ರಲ್ಲಿ ರೇಖೆ ಇನ್ನೂ ಉದ್ದ, ಸುಮಾರು 69 ಮಿಲಿಮೀಟರ್. ಆದರೆ ಅದರ ಒಂಟಿ ಕಿಂಡಿ 50 ಮಿ.ಮೀ. ಲೆನ್ಸಿನ ಫ್ರೇಮನ್ನೂ ಒಳಗೆ ಹಿಡಿಸಬೇಕು. ಹಾಗಾಗಿ ನೋಟವನ್ನು 0.91ಕ್ಕೆ ಇಳಿಸಿದರು. ಲೆಕ್ಕ ಹಾಕಿದರೆ 63ರ ಆಸುಪಾಸು, ಇದು ತುಂಬ ಒಳ್ಳೆಯದೇ. ಆಮೇಲೆ ಬಂದ ಎಂ2ಗೆ 35 ಮಿ.ಮೀ. ಲೆನ್ಸಿನ ಫ್ರೇಮ್ ಬೇಕಾಯಿತು (ಮಿ.ಮೀ. ಕಮ್ಮಿಯಾದಷ್ಟೂ ಲೆನ್ಸಿನ ನೋಟ ಅಗಲ). ಅಷ್ಟು ಅಗಲ ಒಳಗೆ ಬರಬೇಕಾದರೆ ನೋಟ ಇನ್ನೂ ಚಿಕ್ಕದಾಗಬೇಕು, 0.72. ಈಗ ಲೆಕ್ಕ 50ಕ್ಕೆ ಬಂತು. ಅದೇ 57ರ ಲೆಕ್ಕದ 1933ರ ಲೈಕಾ ತ್ರೀಗಿಂತ ಕಮ್ಮಿ! ಅಗಲವಾಗಿ ನೋಡಬೇಕು ಅಂದಾಗ ಅಳತೆಯ ನಿಖರತೆ ಬಿಟ್ಟುಕೊಡಬೇಕಾಯಿತು. ಒಂದೇ ಕಿಂಡಿಗೆ ಎರಡು ಕೆಲಸ ಹೇಳಿದರೆ ಆಗುವುದು ಇದೇ. ಎಂ ಲೈಕಾಗಳನ್ನು ಹೀಗಳೆಯುವುದು ನನ್ನ ಉದ್ದೇಶ ಅಲ್ಲ, ಅವು ಅದ್ಭುತ ಕ್ಯಾಮೆರಾಗಳು. ಹಳೆಯದನ್ನು ಸುಮ್ನೆ ಹಿಂದುಳಿದದ್ದು ಅನ್ನುವವರಿಗೆ ಈ ಅಂಕಿಗಳನ್ನು ತೋರಿಸುವ ಆಸೆ ನನಗೆ, ಅಷ್ಟೇ.

ಎಡಗಡೆ ಕಿಂಡಿಯೊಳಗೆ ಏನು ಕಾಣುತ್ತದೆ ಅಂತ ಹೇಳುತ್ತೇನೆ. ಒಂದು ಚಿಕ್ಕ ದುಂಡನೆಯ ನೋಟ. ಅದರಲ್ಲಿ ಮುಖ ಎರಡಾಗಿರುತ್ತದೆ, ಒಂದರ ಮೇಲೊಂದು ಸ್ವಲ್ಪ ಜರುಗಿ ಕೂತಂತೆ. ಬೆರಳಲ್ಲಿ ಲೆನ್ಸಿನ ಹಿಡಿ ತಳ್ಳುತ್ತಾ ಹೋದ ಹಾಗೆ ಒಂದು ಮುಖ ಅಡ್ಡಡ್ಡ ಸರಿಯುತ್ತಾ ಬಂದು ಇನ್ನೊಂದರ ಮೇಲೆ ಕೂರುತ್ತದೆ. ಸರಿಯಾಗಿ ಕೂತ ಕ್ಷಣ ಕಣ್ಣಿಗೆ ಚೆನ್ನಾಗಿ ಗೊತ್ತಾಗುತ್ತದೆ. ಕಾಂಟ್ರಾಸ್ಟ್ ಏರುತ್ತದೆ, ಅಂಚುಗಳು ಚುರುಕಾಗುತ್ತವೆ. ಇಲ್ಲಿ ಮಸುಕಿನಿಂದ ಸ್ಪಷ್ಟಕ್ಕೆ ಬರುವ ಆಟ ಇಲ್ಲ. ಎರಡು ಒಂದಾಗುವುದು ಮಾತ್ರ. ಅದಕ್ಕೇ ಮಂದ ಬೆಳಕಿನಲ್ಲೂ ಇದು ನಡೆಯುತ್ತದೆ. ಎಲ್ಲೋ ಒಂದು ದೀಪದ ಚುಕ್ಕೆ, ಕನ್ನಡಕದ ಅಂಚು, ಮೂಗುಬೊಟ್ಟಿನ ಹೊಳಪು ಸಿಕ್ಕಿದರೆ ಸಾಕು.

ಇದಕ್ಕೂ ಕೆಲವು ಕಡೆ ಕಣ್ಣು ಕಟ್ಟುತ್ತದೆ. ಅಂಗಡಿಯ ರೋಲಿಂಗ್ ಶಟರ್ ಮುಂದೆ ನಿಂತು ಫೋಕಸ್ ಮಾಡಿ ನೋಡಿ. ಬರೀ ಅಡ್ಡ ಗೆರೆಗಳು. ಬಿಂಬ ಸರಿಯುವುದೂ ಅಡ್ಡಕ್ಕೇ. ಹಾಗಾಗಿ ಕೂಡಿದೆಯೋ ಇಲ್ಲವೋ ಹೇಳೋಕೆ ಆಗುವುದೇ ಇಲ್ಲ. ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿ ಅಳೆದು, ಮತ್ತೆ ನೇರ ಮಾಡಿಕೊಳ್ಳಬೇಕು. ಅದಕ್ಕಿಂತ ಮೋಸ ಮಾಡುವುದು ಉದ್ದುದ್ದ ಗೆರೆಗಳ ಅಂಗಿ. ಎರಡು ಸೆಂಟಿಮೀಟರಿಗೊಂದು ಗೆರೆ ಇರುವ ಅಂಗಿ ತೊಟ್ಟವರು ಮೂರು ಮೀಟರ್ ದೂರದಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಮೂರು ಮೀಟರಿನಲ್ಲಿ ಗೆರೆಗಳು ಕೂಡುತ್ತವೆ, ಸರಿ. ಆದರೆ ಎರಡು ಮೀಟರಿನ ಹತ್ತಿರವೂ ಕೂಡುತ್ತವೆ, ಆರು ಮೀಟರ್ ದಾಟಿದ ಮೇಲೂ ಕೂಡುತ್ತವೆ. ಪಕ್ಕದ ಗೆರೆ ಬಂದು ಈ ಗೆರೆಯ ಮೇಲೆ ಕೂತಿರುತ್ತದೆ. ನೋಡೋಕೆ ಎಲ್ಲಾ ಪಕ್ಕಾ! ಅಂಥ ಕಡೆ ಅಂಗಿ ಬಿಟ್ಟು ಕಿವಿಯನ್ನೋ ಕನ್ನಡಕದ ಕಡ್ಡಿಯನ್ನೋ ಹಿಡಿದುಕೊಳ್ಳಬೇಕು.

ಆಮೇಲೆ ಮಾಮೂಲಿ ಎಚ್ಚರಿಕೆಗಳು ಇದ್ದೇ ಇವೆ. 50 ಮಿ.ಮೀ. ಲೆನ್ಸಿನ ಅಪರ್ಚರನ್ನು (ಬೆಳಕು ಬರುವ ರಂಧ್ರವನ್ನು) ಎಫ್/2ಕ್ಕೆ, ಅಂದರೆ ತುಂಬ ಅಗಲಕ್ಕೆ ತೆರೆದು ಒಂದೂವರೆ ಮೀಟರಿನಲ್ಲಿ ಮುಖ ತೆಗೆದರೆ, ಸ್ಪಷ್ಟವಾಗಿ ಬರುವ ಜಾಗ ಒಟ್ಟು 11 ಸೆಂಟಿಮೀಟರ್ ಅಷ್ಟೇ. ಅಳೆದ ಮೇಲೆ ನಾವು ಮುಂದಕ್ಕೆ ಬಾಗಿದರೂ ಅವರು ಹಿಂದಕ್ಕೆ ಒರಗಿದರೂ ಅಳತೆ ತಪ್ಪಿತು. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಮುಂದೆ ಹೋಗೋಣ.

ಈಗ ನೋಡುವ ಕಿಂಡಿಗೆ ಬರೋಣ. ನನಗೆ ತುಂಬ ಇಷ್ಟವಾದ ಭಾಗ ಇದು.

ಕ್ಯಾಮೆರಾದ ಒಳಗಿನ ಬಲಗಡೆ ಕಿಂಡಿ 50 ಮಿ.ಮೀ.ಗೆ ಮಾತ್ರ. ನೋಟ ಚಿಕ್ಕದು, ಅಂಚುಗಳು ಮಸುಕು. ಬೇರೆ ಲೆನ್ಸ್ ಹಾಕಿದರೆ ಅದಕ್ಕೆ ತಕ್ಕ ವ್ಯೂಫೈಂಡರನ್ನು ಮೇಲಿನ ಶೂನಲ್ಲಿ ಸಿಕ್ಕಿಸಬೇಕು. ಇವುಗಳಲ್ಲೇ ಎಷ್ಟೊಂದು ಜಾತಿ! 1930ರ ದಶಕದ ಲೈಕಾದ ವಿಡಾಮ್ ಫೈಂಡರಿನಲ್ಲಿ ನೋಟ ಎಡಬಲ ಅದಲುಬದಲು. ಬಲಕ್ಕೆ ನಡೆಯುವವನು ಎಡಕ್ಕೆ ನಡೆಯುತ್ತಾನೆ. ಕ್ಯಾಮೆರಾ ಲಂಬವಾಗಿ ಹಿಡಿದರೆ ಜನ ತಲೆಕೆಳಗೆ. ಆಮೇಲೆ ಬಂದ ವಿಐಒಒಎಚ್ (VIOOH) ಮಾದರಿ ಇದನ್ನು ನೇರ ಮಾಡಿತು. ಸೋವಿಯತ್ ಕ್ಯಾಮೆರಾಗಳ ಜೊತೆ ಬಳಸುತ್ತಿದ್ದ ಟರೆಟ್ ಫೈಂಡರಿನಲ್ಲಿ ಐದು ಪುಟ್ಟ ಲೆನ್ಸುಗಳ ಚಕ್ರವೇ ಇದೆ: 28, 35, 50, 85, 135. ಕಟಕಟ ತಿರುಗಿಸಿ ಬೇಕಾದದ್ದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಪ್ರೆಸ್ ಫೋಟೋಗ್ರಾಫರುಗಳ ಸ್ಪೀಡ್ ಗ್ರಾಫಿಕ್ ಕ್ಯಾಮೆರಾದಲ್ಲಂತೂ ಬರೀ ತಂತಿಯ ಚೌಕಟ್ಟಿನ ಫೈಂಡರೂ ಇದೆ. ಅದರಲ್ಲಿ ಗಾಜಿನ ತುಂಡೇ ಇಲ್ಲ. ನನ್ನ ಮಟ್ಟಿಗೆ ಅದೂ ಒಳ್ಳೆಯ ವ್ಯೂಫೈಂಡರೇ.

ಎಲ್ಲದರಲ್ಲೂ ಮೇಲು ಬ್ರೈಟ್‌ಲೈನ್ ಫೈಂಡರ್. 50 ಮಿ.ಮೀ.ಗೆ ಲೈಕಾ ತಯಾರಿಸುತ್ತಿದ್ದ ಲೈಟ್ಸ್ (Leitz) ಕಂಪನಿ ಮಾಡಿದ ಎಸ್‌ಬಿಒಒಐ ಅನ್ನುವುದೊಂದಿದೆ. ಅದರಲ್ಲಿ ಲೋಕ ಇದ್ದಷ್ಟೇ ದೊಡ್ಡದಾಗಿ ಕಾಣುತ್ತದೆ, ದೊಡ್ಡದೂ ಆಗುವುದಿಲ್ಲ, ಚಿಕ್ಕದೂ ಆಗುವುದಿಲ್ಲ. ಬೆಳ್ಳಗೆ ಹೊಳೆಯುವ ಒಂದು ಚೌಕಟ್ಟು ಅದರೊಳಗೆ ಇರುತ್ತದೆ. ಬಲಗಣ್ಣನ್ನು ಫೈಂಡರಿಗಿಟ್ಟು ಎಡಗಣ್ಣನ್ನು ಮುಚ್ಚದೆ ಬಿಡಿ. ಎರಡು ಕಣ್ಣಿನ ನೋಟವೂ ಒಂದೇ ಅಳತೆಯದ್ದಾದ್ದರಿಂದ ಮಿದುಳು ಅವನ್ನು ಕೂಡಿಸಿಬಿಡುತ್ತದೆ. ಫೈಂಡರ್ ಮಾಯವಾಗಿ, ಬೀದಿಯ ಮಧ್ಯೆ ಗಾಳಿಯಲ್ಲಿ ಒಂದು ಬಿಳಿ ಚೌಕಟ್ಟು ನಿಂತಂತೆ ಕಾಣುತ್ತದೆ. ಅದರ ಆಚೆ ಈಚೆ ಬೀದಿ ಪೂರ್ತಿ ಇದೆ. ಎಡಗಡೆಯಿಂದ ಸೈಕಲ್ ಬರುತ್ತಿದೆ, ಇನ್ನೂ ಚೌಕಟ್ಟಿನೊಳಗೆ ಬಂದಿಲ್ಲ. ಬಲಗಡೆ ಯಾರೋ ಛತ್ರಿ ಬಿಚ್ಚುತ್ತಿದ್ದಾರೆ, ಅವರು ಒಳಗೆ ಬೇಡ. ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು ಅಂತ ತೀರ್ಮಾನ ಮಾಡಬೇಕಾದರೆ ಬಿಡುವ ವಸ್ತುವೂ ಕಣ್ಣಿಗೆ ಬೀಳಬೇಕಲ್ವಾ? ಒಳಗಿನ ಕನ್ನಡಿಯಿಂದ ಲೆನ್ಸಿನ ನೋಟವನ್ನೇ ತೋರಿಸುವ ಎಸ್‌ಎಲ್‌ಆರ್ ಕ್ಯಾಮೆರಾದ ಕಪ್ಪು ಅಂಚಿನ ಪೆಟ್ಟಿಗೆಯಲ್ಲಿ ಹೊರಗಿನದ್ದು ಕಾಣುವುದೇ ಇಲ್ಲ.

ಇನ್ನೊಂದು ವ್ಯತ್ಯಾಸ ಇದೆ. ಎಸ್‌ಎಲ್‌ಆರ್ ಲೆನ್ಸಿನ ಮೂಲಕ ತೋರಿಸುತ್ತದೆ, ಅದೂ ಅಪರ್ಚರ್ ಪೂರ್ತಿ ತೆರೆದಿಟ್ಟು. ಹಾಗಾಗಿ ಫೋಕಸ್ ಆದ ಮುಖ ಮಾತ್ರ ಸ್ಪಷ್ಟ, ಹಿಂದಿನದ್ದೆಲ್ಲ ಕರಗಿ ಹೋಗಿರುತ್ತದೆ. ಶಟರ್ ಒತ್ತಿದ ಕ್ಷಣ ಕನ್ನಡಿ ಎದ್ದು ಕಣ್ಣು ಕತ್ತಲಾಗುತ್ತದೆ. 1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ಪತ್ರಿಕೆಯವರು ಬಹುತೇಕ ಆ ಕಡೆ ಹೋದರು. ಟೆಲಿಫೋಟೋ ಲೆನ್ಸಿಗೂ ತೀರಾ ಹತ್ತಿರದ ಫೋಟೋಗೂ ಅದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇರೆ ವ್ಯೂಫೈಂಡರಿನಲ್ಲಿ ಮುಂದಿನ ಕೈಯೂ ಹಿಂದಿನ ಗೋಡೆಯೂ ಒಂದೇ ಸಮ ಸ್ಪಷ್ಟ. ಹಿಂದೆ ನಿಂತವನ ತಲೆಯಿಂದ ಲೈಟ್ ಕಂಬ ಎದ್ದಿದ್ದರೆ ಅದು ಆಗಲೇ ಕಾಣುತ್ತದೆ. ಹಿನ್ನೆಲೆ ಜೊತೆ ಕೆಲಸ ಮಾಡೋಕೆ ನಾನು ಕಲಿತದ್ದು ಇದರಿಂದ.

ಬೇರೆ ವ್ಯೂಫೈಂಡರಿನ ದೊಡ್ಡ ತೊಡಕು ಪ್ಯಾರಲಾಕ್ಸ್, ಅಂದರೆ ಕಣ್ಣು ನೋಡುವ ಜಾಗ ಬೇರೆ, ಲೆನ್ಸು ನೋಡುವ ಜಾಗ ಬೇರೆ. ಫೈಂಡರ್ ಲೆನ್ಸಿನಿಂದ ಸುಮಾರು 6 ಸೆಂಟಿಮೀಟರ್ ಮೇಲಿದೆ ಅಂದುಕೊಳ್ಳಿ. 50 ಮಿ.ಮೀ. ಲೆನ್ಸು ಒಂದು ಮೀಟರ್ ದೂರದಲ್ಲಿ ಸುಮಾರು 46 ಸೆಂಟಿಮೀಟರ್ ಎತ್ತರದ ಜಾಗವನ್ನು ಹಿಡಿಯುತ್ತದೆ. ಅಂದರೆ ಕಣ್ಣು ನೋಡಿದ ಚಿತ್ರದ ಎಂಟನೇ ಒಂದು ಭಾಗ ಮೇಲಿನಿಂದ ಕತ್ತರಿಸಿ ಹೋಗುತ್ತದೆ. ತಲೆಗೂದಲು ಪೂರ್ತಿ ಹೋಯಿತು. ಅದೇ ಐದು ಮೀಟರಿನಲ್ಲಿ ಎತ್ತರ 2.4 ಮೀಟರ್, ತಪ್ಪು ನಲವತ್ತರಲ್ಲಿ ಒಂದು ಭಾಗ. ಯಾರಿಗೂ ಗೊತ್ತಾಗುವುದಿಲ್ಲ. ಶೂ ಲೆನ್ಸಿನ ಹೆಚ್ಚುಕಮ್ಮಿ ನೇರ ಮೇಲೆ ಇರುವುದರಿಂದ ತಪ್ಪು ಬರೋದು ಮೇಲೆ ಕೆಳಗೆ ಮಾತ್ರ. ಒಳಗಿನ ಕಿಂಡಿಯಾದರೆ ಸ್ವಲ್ಪ ಪಕ್ಕಕ್ಕೂ ಜರುಗುತ್ತದೆ. ಬ್ರೈಟ್‌ಲೈನ್ ಫೈಂಡರಿನಲ್ಲಿ ಮೇಲಂಚಿನ ಕೆಳಗೆ ಚುಕ್ಕೆ ಚುಕ್ಕೆ ಗೆರೆ ಇರುತ್ತದೆ, ಹತ್ತಿರದ ಫೋಟೋಗೆ ಅದೇ ಮೇಲಂಚು. ಕೆಲವು ಫೈಂಡರುಗಳ ಬುಡದಲ್ಲಿ ದೂರದ ಅಂಕಿ ಇರುವ ಹಿಡಿ ಇದೆ. ತಿರುಗಿಸಿದರೆ ಫೈಂಡರೇ ಸ್ವಲ್ಪ ಮುಂದಕ್ಕೆ ಬಾಗುತ್ತದೆ.

ಆದರೆ ಒಂದು ಮಾತು ನೆನಪಿಡಿ. ಈ ಬಾಗುವಿಕೆ ಸರಿ ಮಾಡುವುದು ಅಂಚುಗಳನ್ನು ಮಾತ್ರ. ಹತ್ತಿರದ ಕೈ ಹಿಂದಿನ ಕಿಟಕಿಯ ಯಾವ ಭಾಗವನ್ನು ಮರೆ ಮಾಡುತ್ತದೆ ಅನ್ನುವುದನ್ನು ಯಾವ ಹಿಡಿಯೂ ಸರಿ ಮಾಡಲಾರದು, ಯಾಕೆಂದರೆ ಕಣ್ಣು ನಿಂತ ಜಾಗವೇ ಬೇರೆ. ಎಂ3ರ ತಾನಾಗಿ ಸರಿಯುವ ಗೆರೆಗಳಿಗೂ ಇದೇ ಮಿತಿ. ಹತ್ತಿರದ ವಸ್ತು ಮತ್ತು ಹಿನ್ನೆಲೆಯ ಜೋಡಣೆ ತೀರಾ ಮುಖ್ಯವಾದರೆ, ಕಣ್ಣಲ್ಲಿ ಫ್ರೇಮ್ ನೋಡಿಕೊಂಡು, ಒತ್ತುವ ಮೊದಲು ಕ್ಯಾಮೆರಾವನ್ನು ಆ 6 ಸೆಂಟಿಮೀಟರ್ ಮೇಲಕ್ಕೆ ಎತ್ತಿಬಿಡುವುದು ಒಂದೇ ದಾರಿ. ಕೂತಿರುವ ವಸ್ತುವಿಗಾದರೆ ಇದು ಚೆನ್ನಾಗಿ ನಡೆಯುತ್ತದೆ.

ಇನ್ನು ಫ್ರೇಮ್ ಗೆರೆಗಳನ್ನು ಅಳತೆಪಟ್ಟಿಯ ಹಾಗೆ ನಂಬಬಾರದು. ಲೆನ್ಸು ಹತ್ತಿರಕ್ಕೆ ಫೋಕಸ್ ಆದಂತೆ ಅದು ಹಿಡಿಯುವ ಜಾಗ ಸ್ವಲ್ಪ ಕಿರಿದಾಗುತ್ತದೆ. ಗೆರೆ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಎಂ ಸರಣಿಯಲ್ಲಿ ಹತ್ತಿರದ ದೂರಕ್ಕೆ ಹೊಂದುವಂತೆ ಗೆರೆ ಹಾಕಿದ್ದಾರೆ. ದೂರದ ದೃಶ್ಯ ತೆಗೆದಾಗ ಗೆರೆಯ ಆಚೆಯದೂ ಒಂದಿಷ್ಟು ಚಿತ್ರದೊಳಗೆ ಬರುತ್ತದೆ. ಅಂಚಿನಲ್ಲಿ ಕೂದಲೆಳೆಯ ಲೆಕ್ಕ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ. ನನಗೆ ಇದರಿಂದ ತೊಂದರೆ ಅನ್ನಿಸಿಲ್ಲ. ಫ್ರೇಮಿನ ಮಧ್ಯೆ ನಡೆಯುವುದು ಗಟ್ಟಿಯಿದ್ದರೆ ಅಂಚು ಎರಡು ಬೆರಳು ಆಚೀಚೆ ಆದರೂ ಚಿತ್ರ ನಿಲ್ಲುತ್ತದೆ.

ಹಾಗಾದರೆ ಬೀದಿಯಲ್ಲಿ ಎರಡು ಸಲ ಕಣ್ಣು ಸರಿಸುತ್ತಾ ಕೂತರೆ ಘಟನೆ ಕಾಯುತ್ತದಾ? ಕಾಯುವುದಿಲ್ಲ. ಅದಕ್ಕೇ ಅಳೆಯುವ ಕೆಲಸವನ್ನು ಮೊದಲೇ ಮುಗಿಸಿಕೊಳ್ಳುವುದು. ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ನಾನು ಮಾಡುವುದು ಹೀಗೆ. ಬಿಸಿಲೇರಿದ ಮೇಲೆ ಹೋಗುತ್ತೇನೆ, 400 ಐಎಸ್‌ಒ ರೀಲು, 35 ಮಿ.ಮೀ. ಲೆನ್ಸು, ಎಫ್/8. ಅಲ್ಲಿ ಹೂವು ಅಳೆಯುವುದು ಮೊಳದಲ್ಲಿ, ಮಾರಿನಲ್ಲಿ. ಎರಡು ಕೈ ಅಗಲಿಸಿದರೆ ಒಂದು ಮಾರು, ಹೆಚ್ಚುಕಮ್ಮಿ ಆರು ಅಡಿ, ಅಂದರೆ 1.8 ಮೀಟರ್. ಲೆನ್ಸನ್ನು ಅಲ್ಲಿಗೇ ಇಟ್ಟುಬಿಡುತ್ತೇನೆ. ಆಗ 1.3 ಮೀಟರಿನಿಂದ 2.8 ಮೀಟರಿನ ತನಕ ಎಲ್ಲಾ ಸ್ಪಷ್ಟ. ಆಮೇಲೆ ರೇಂಜ್‌ಫೈಂಡರಿನ ಕಿಂಡಿ ಮುಟ್ಟುವುದೇ ಬೇಡ. ಕಾಲಿನಲ್ಲಿ ಫೋಕಸ್ ಮಾಡಬೇಕು: ಒಂದು ಮಾರಿನಷ್ಟು ದೂರದಲ್ಲಿ ನಿಲ್ಲಬೇಕು, ಅಷ್ಟೇ. ಮಾರು ಎಷ್ಟು ಅಂತ ಕಣ್ಣಿಗೆ ಕಲಿಸೋಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಎದುರಿಗೇ ಯಾರಾದರೂ ಕೈ ಅಗಲಿಸಿ ಸೇವಂತಿಗೆ ಅಳೆಯುತ್ತಿರುತ್ತಾರೆ.

"ಒಂದ್ ಫೋಟೋ ತೆಗೀಲಾ ಅಮ್ಮ?"

"ತಕ್ಕೊಳಪ್ಪ. ಕೈ ಮಾತ್ರ ನಿಲ್ಸಕ್ಕಾಗಲ್ಲ ನೋಡು."

ಕೈ ನಿಲ್ಲಿಸುವುದು ಬೇಕಿಲ್ಲ. ಅವರು ದಾರ ಎಳೆದು ಗಂಟು ಹಾಕುತ್ತಲೇ ಇರುತ್ತಾರೆ. ನಾನು ಎರಡೂ ಕಣ್ಣು ತೆರೆದು ಬಿಳಿ ಚೌಕಟ್ಟನ್ನು ಅವರ ಕೈಯ ಸುತ್ತ ಇಟ್ಟುಕೊಂಡು ಕಾಯುತ್ತೇನೆ. ಮಾತಾಡಬಹುದು, ಮುಖ ನೋಡಬಹುದು, ಪಕ್ಕದಿಂದ ಬುಟ್ಟಿ ಹೊತ್ತು ಬರುವವರಿಗೆ ದಾರಿ ಬಿಡಬಹುದು. ಫೋಕಸ್ ಬಗ್ಗೆ ಯೋಚನೆಯೇ ಇಲ್ಲ, ಅದು ಆಗಲೇ ಮುಗಿದಿದೆ. ಶಟರ್ ಒತ್ತುವ ಹೊತ್ತಿಗೆ ನನಗೆ ಉಳಿದಿರುವುದು ನೋಡುವುದು ಒಂದೇ. ಅಳೆಯುವುದು, ನೋಡುವುದು ಎರಡನ್ನೂ ಬೇರ್ಪಡಿಸಬೇಕು ಅಂತ ನಾನು ಇಷ್ಟು ಹೇಳುತ್ತಿರುವುದು ಈ ಬಿಡುವಿಗಾಗಿ. ಆಟೋಫೋಕಸ್ ಎಷ್ಟೇ ವೇಗವಾಗಿರಲಿ, ಅದು ಪ್ರತಿ ಫೋಟೋಗೂ ಹೊಸದಾಗಿ ನಿರ್ಧಾರ ಮಾಡುತ್ತದೆ. ನಾನು ಆ ನಿರ್ಧಾರವನ್ನು ಒಂದೇ ಸಲ ಮಾಡಿ ಪಕ್ಕಕ್ಕಿಡುತ್ತೇನೆ.

ಈ ದಾರಿಯನ್ನು ಕೊನೆಯ ತನಕ ನಡೆದ ಒಂದು ಕ್ಯಾಮೆರಾ ಇದೆ. 1999ರಲ್ಲಿ ಜಪಾನಿನ ಕೊಸಿನಾ ಕಂಪನಿ ಫೋಕ್ಟ್‌ಲ್ಯಾಂಡರ್ ಹೆಸರಿನಲ್ಲಿ ಬೆಸ್ಸಾ ಎಲ್ ತಂದಿತು. ಅದರಲ್ಲಿ ರೇಂಜ್‌ಫೈಂಡರೂ ಇಲ್ಲ, ವ್ಯೂಫೈಂಡರೂ ಇಲ್ಲ! ಬರೀ ಪೆಟ್ಟಿಗೆ, ಶಟರ್, ಲೈಟ್ ಮೀಟರ್. ಅದರ ಜೊತೆ 15 ಮಿ.ಮೀ. ಲೆನ್ಸು, ಶೂಗೆ ಒಂದು ಫೈಂಡರ್. ಅಷ್ಟು ಅಗಲದ ಲೆನ್ಸಿಗೆ ಅಳತೆಯ ಅಗತ್ಯವೇ ಇಲ್ಲ. ಎಫ್/8ರಲ್ಲಿ ಒಂದು ಮೀಟರಿಗೆ ಇಟ್ಟರೆ ಅರ್ಧ ಮೀಟರಿನಿಂದ ಆಚೆಯ ಬೆಟ್ಟದ ತನಕ ಎಲ್ಲಾ ಸ್ಪಷ್ಟ.

ಫಿಲ್ಮ್ ಬೇಡ, ದುಬಾರಿ ಅನ್ನುವವರೂ ಈ ರೀತಿ ಕೆಲಸ ಮಾಡಬಹುದು. ರಿಕೋ ಜಿಆರ್ ಡಿಜಿಟಲ್ ಕ್ಯಾಮೆರಾಗಳಲ್ಲಿ ಸ್ನ್ಯಾಪ್ ಫೋಕಸ್ ಅನ್ನುವ ವ್ಯವಸ್ಥೆ ಇದೆ. ದೂರವನ್ನು ಮೊದಲೇ ಗೊತ್ತು ಮಾಡಿ ಇಟ್ಟುಬಿಡಬಹುದು. ಅದರಲ್ಲಿ ವ್ಯೂಫೈಂಡರ್ ಇಲ್ಲ, ಆದರೆ ಮೇಲೆ ಶೂ ಇದೆ, 28 ಮಿ.ಮೀ. ಬ್ರೈಟ್‌ಲೈನ್ ಫೈಂಡರ್ ಸಿಕ್ಕಿಸಬಹುದು. ಹಿಂದಿನ ಪರದೆ ಆರಿಸಿಬಿಡಿ. ಹಳೇ ಫೈಂಡರ್ ಕೊಳ್ಳುವುದಾದರೆ ಅದನ್ನು ಬೆಳಕಿಗೆ ಹಿಡಿದು ನೋಡಿ. ಗಾಜಿನ ಜೋಡಣೆಯ ಅಂಟು ಬಿಟ್ಟು ಕಾಮನಬಿಲ್ಲಿನ ಬಣ್ಣ ಕಾಣುತ್ತಿದ್ದರೆ ಬೇಡ. ಬಿಳಿ ಗೆರೆ ನಾಲ್ಕೂ ಕಡೆ ಸಮನಾಗಿ ಬೆಳಗಬೇಕು. ಕಾಲು ಶೂನಲ್ಲಿ ಅಲುಗಾಡಬಾರದು, ಅಲುಗಾಡಿದರೆ ಒಂದು ಕಾಗದದ ಚೂರು ಮಡಿಸಿ ಬುಡಕ್ಕಿಟ್ಟರೆ ಸಾಕು. ಕನ್ನಡಕ ಹಾಕುವವರು ಅಂಗಡಿಯಲ್ಲೇ ಕನ್ನಡಕದ ಸಮೇತ ನೋಡಿ. ಎಷ್ಟೋ ಫೈಂಡರುಗಳಲ್ಲಿ ಕಣ್ಣು ತೀರಾ ಹತ್ತಿರ ಹೋಗದೆ ನಾಲ್ಕು ಮೂಲೆ ಒಟ್ಟಿಗೆ ಕಾಣುವುದಿಲ್ಲ, ಅಂಥದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.